ಸಿನಿಮಾ ತೋರಿಸಿದ್ರೆ ಹೊಡೆಯೋದು ನಿಲ್ಲುತ್ತಾ?

ಮಹಿಳಾ ಸಂಘಗಳಲ್ಲಿ, ಕಾಲೇಜುಗಳಲ್ಲಿ ಹೆಣ್ಣಿನ ಮೇಲಿನ ಹಿಂಸೆಯ ಬಗ್ಗೆ ಸಿನಿಮಾ ತೋರಿಸಿ ಜನರನ್ನು ಮಾತಿಗೆಳೆಯುವುದು ನನ್ನ ಕೆಲಸ. ಪ್ರೊಜೆಕ್ಟರ್ ಬಿಚ್ಚಿಡುವ ಹೊತ್ತಿಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಇದನ್ನೆಲ್ಲ ನೋಡಿ ಹೆಂಡ್ತಿಗೆ ಹೊಡೆಯೋನು ಬಿಟ್ಟುಬಿಡ್ತಾನಾ ಮೇಡಂ?’

ಎಲ್ಲಿ ಬಿಡ್ತಾನೆ! ಅವನಿಗೋಸ್ಕರ ನಾನು ತೋರಿಸುವುದೂ ಇಲ್ಲ. ತೋರಿಸುವುದು ಅವನ ಪಕ್ಕದ ಮನೆಯವರಿಗೆ.

2008ರಲ್ಲಿ ಬ್ರೇಕ್‌ಥ್ರೂ ಎಂಬ ಸಂಸ್ಥೆ ‘ಬೆಲ್ ಬಜಾವೋ’ (ಬೆಲ್ ಒತ್ತಿ) ಅಂತ ಒಂದಷ್ಟು ಪುಟ್ಟ ಜಾಹೀರಾತು ಚಿತ್ರಗಳನ್ನು ಮಾಡಿಸಿತು. ಟೀವಿಯಲ್ಲಿ ಬಂದವು, ವಿಡಿಯೋ ವ್ಯಾನಿನಲ್ಲಿ ಕರ್ನಾಟಕದ ಊರುಗಳಿಗೂ ಬಂದವು. ಒಂದರಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ಹತ್ತಿರದ ಮನೆಯೊಳಗಿಂದ ಹೆಂಗಸನ್ನು ಹೊಡೆಯುವ ಸದ್ದು. ಒಬ್ಬ ಹುಡುಗ ಹೋಗಿ ಬೆಲ್ ಒತ್ತುತ್ತಾನೆ. ಬಾಗಿಲು ತೆರೆದ ಗಂಡಸಿನ ಹತ್ತಿರ ಬಾಲ್ ಕೇಳುತ್ತಾನೆ. ಅಷ್ಟೇ. ಬುದ್ಧಿಮಾತಿಲ್ಲ, ಫೈಟ್ ಇಲ್ಲ. ಆದರೆ ಹೊರಗೆ ಎಲ್ಲ ಕೇಳಿಸುತ್ತಿದೆ ಅಂತ ಒಳಗಿದ್ದವನಿಗೆ ಗೊತ್ತಾಗುತ್ತದೆ.

ಇದನ್ನು ನೋಡಿದ ಮೇಲೆ ಒಬ್ಬ ಅಜ್ಜಿ ಎದ್ದು ಅಂದರು, ‘ನಮ್ಮ ವಠಾರದಲ್ಲಿ ಇಂಥ ಸದ್ದು ಬಂದ್ರೆ ನಾವು ಟೀವಿ ಸೌಂಡ್ ಜಾಸ್ತಿ ಮಾಡ್ತೀವಿ.’ ಕೆಲವರು ನಕ್ಕರು. ಆಮೇಲೆ ಮಾತು ಶುರುವಾಯಿತು. ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಅಂತ ಒಬ್ಬರು. ‘ಅವಳು ಉಂಡಿದ್ದನ್ನ ಯಾರು ನೋಡಿದ್ದೀರಿ?’ ಅಂತ ಇನ್ನೊಬ್ಬರು. ನಾನು ಬಾಯಿ ತೆರೆಯುವ ಅಗತ್ಯವೇ ಬೀಳಲಿಲ್ಲ.

ನನ್ನ ಮಾತಿನ ಸರದಿ ಬಂದಾಗ ಕಾನೂನಿನ ಒಂದೇ ಒಂದು ವಿಷಯ ಹೇಳುತ್ತೇನೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 4ನೇ ಕಲಂ ಪ್ರಕಾರ, ಹಿಂಸೆ ನಡೆಯುತ್ತಿದೆ ಅನ್ನಿಸಿದರೆ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ, ಅಂದರೆ ಹಿಂಸೆಗೆ ಒಳಗಾದವಳಿಗೆ ನೆರವಾಗಲು ಈ ಕಾಯ್ದೆಯಡಿ ಸರ್ಕಾರ ನೇಮಿಸಿದ ಅಧಿಕಾರಿಗೆ, ತಿಳಿಸಬಹುದು. ಒಳ್ಳೆ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಬೀಳುವುದಿಲ್ಲ. ಇದು ಎಷ್ಟು ಜನಕ್ಕೆ ಗೊತ್ತು ಹೇಳಿ? ‘ನಮಗ್ಯಾಕೆ ಊರ ಉಸಾಬರಿ’ ಅನ್ನುವವರಲ್ಲಿ ಅರ್ಧ ಜನ ಕೋರ್ಟು ಕಚೇರಿಗೆ ಹೆದರಿದವರು.

ಇನ್ನರ್ಧ ಜನ ಹೊಡೆಯುವುದೇ ಸರಿ ಅನ್ನುವವರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಅಡುಗೆ ಸರಿಯಾಗಿ ಮಾಡದಿದ್ದರೆ, ಹೇಳದೆ ಹೊರಗೆ ಹೋದರೆ, ಎದುರು ಮಾತಾಡಿದರೆ, ಹೀಗೆ ಯಾವುದಾದರೂ ಒಂದು ಕಾರಣಕ್ಕೆ ಗಂಡ ಹೊಡೆದರೆ ತಪ್ಪಿಲ್ಲ ಅಂದವರು ಕರ್ನಾಟಕದಲ್ಲಿ ನೂರಕ್ಕೆ ಸುಮಾರು 77 ಹೆಂಗಸರು, 82 ಗಂಡಸರು. ಗಂಡನ ಹಿಂಸೆ ಅನುಭವಿಸಿದ್ದೇವೆ ಅಂದ ವಿವಾಹಿತೆಯರು ನೂರಕ್ಕೆ 44.

ಈ ನಂಬಿಕೆ ಎಲ್ಲಿಂದ ಬಂತು? ಮನೆಯಿಂದ, ಸರಿ. ಆದರೆ ಸಿನಿಮಾದ ಪಾಲೂ ಇದೆ. ಜಂಬದ ಹುಡುಗಿಗೆ ಹೀರೋ ಕಪಾಳಕ್ಕೆ ಬಾರಿಸುತ್ತಾನೆ, ಥಿಯೇಟರಿನಲ್ಲಿ ಶಿಳ್ಳೆ ಬೀಳುತ್ತದೆ, ಮುಂದಿನ ಹಾಡಿನಲ್ಲಿ ಅವಳು ಸೀರೆ ಉಟ್ಟು ಬರುತ್ತಾಳೆ. ಇದನ್ನು ನಾವೆಲ್ಲ ನೋಡಿಕೊಂಡೇ ಬೆಳೆದವರು, ಅಲ್ವಾ? ‘ಸಿನಿಮಾ ನೋಡಿ ಯಾರು ಬದಲಾಗ್ತಾರೆ’ ಅನ್ನುವವರಿಗೆ ಆ ಶಿಳ್ಳೆಯನ್ನು ನೆನಪಿಸುತ್ತೇನೆ.

ಇಂಟರ್ವಲ್ ಹೊತ್ತಿಗೆ ತಂಗಿಯನ್ನು ಕೊಲ್ಲಿಸಿ, ಅಣ್ಣ ಸೇಡು ತೀರಿಸಿಕೊಳ್ಳುವ ಸಿನಿಮಾ ಹಾಕಿ ಅಂತಲೂ ಕೆಲವರು ಕೇಳುತ್ತಾರೆ. ನಾನು ಹಾಕಲ್ಲ. ಅದರಲ್ಲಿ ಆ ಹುಡುಗಿ ಬರೀ ನೆಪ. ನನಗೆ ‘ಥಪ್ಪಡ್’ ಥರದ್ದು ಬೇಕು. 2020ರ ಹಿಂದಿ ಚಿತ್ರ. ಪಾರ್ಟಿಯಲ್ಲಿ ಗಂಡ ಒಂದೇ ಒಂದು ಏಟು ಹೊಡೆಯುತ್ತಾನೆ, ಉಳಿದ ಸಿನಿಮಾ ಪೂರ್ತಿ ಆ ಏಟಿನ ಆಮೇಲಿನದು. ‘ಒಂದೇ ಏಟು ತಾನೇ?’ ಅಂತ ಕಾಲೇಜು ಹುಡುಗರು ಕೇಳುತ್ತಾರೆ. ಕೇಳಲಿ. ಉತ್ತರ ಅದೇ ಕ್ಲಾಸಿನ ಹುಡುಗಿಯರಿಂದ ಬರುತ್ತದೆ.

ಹೆಂಗಸರ ಸಂಘದಲ್ಲಿ ಮಾತ್ರ ಮಾತು ನಿಧಾನ. ಯಾರೂ ‘ನನ್ನ ಗಂಡ’ ಅನ್ನುವುದಿಲ್ಲ. ‘ಪಾಪ, ಅವಳು ತವರಿಗೆ ಹೋಗಬಹುದಿತ್ತು’, ‘ತವರಲ್ಲಿ ಎಷ್ಟು ದಿನ ಇಟ್ಕೋತಾರೆ?’ ಅಂತ ಸಿನಿಮಾದವಳ ಹೆಸರಿನಲ್ಲೇ ಹೇಳುತ್ತಾರೆ. ನಾನೂ ಕೆದಕುವುದಿಲ್ಲ. 181 ಸಹಾಯವಾಣಿ ನಂಬರನ್ನು ಬೋರ್ಡಿನ ಮೇಲೆ ಬರೆದು ಬಿಟ್ಟಿರುತ್ತೇನೆ. ನಮ್ಮಲ್ಲಿ ಸಂರಕ್ಷಣಾಧಿಕಾರಿಯ ಕೆಲಸ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರದ್ದೇ ಆದ್ದರಿಂದ, ಸಾಧ್ಯವಾದಾಗಲೆಲ್ಲ ಅವರನ್ನೂ ಸಿನಿಮಾಕ್ಕೆ ಕರೆಯುತ್ತೇವೆ. ಭಾಷಣಕ್ಕಲ್ಲ. ಹೆಂಗಸರ ಜೊತೆ ಚಾಪೆಯ ಮೇಲೆ ಕೂತು ನೋಡಲಿ, ನಾಳೆ ಕಚೇರಿಗೆ ಹೋಗಬೇಕಾದವಳಿಗೆ ಅವರ ಮುಖಪರಿಚಯವಾದರೂ ಇರಲಿ ಅಂತ.