ಕೊನೆಕೊಯ್ಲಿನ ನಡುವೆ ಕೋಚಿಂಗ್

ಶಿರಸಿ ಕಡೆ ಅಡಿಕೆಯ ಕೊನೆಕೊಯ್ಲು ಶುರುವಾದರೆ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಅದರ ನಡುವೆಯೇ ಅತ್ತಿಗೆಯ ಹೊಲಿಗೆ ಕೆಲಸವೂ ಸಾಗಬೇಕು. ಈ ಸಲ ಅವರು ಫೋನಿನಲ್ಲೇ ಒಬ್ಬ ಕೋಚ್ ಹತ್ತಿರ ಮಾತಾಡುತ್ತಿದ್ದಾರೆ. ಕೋಚ್ ಟೈಮ್‌ಟೇಬಲ್ ಏನೂ ಕೊಡಲಿಲ್ಲ, ಸುಮ್ನೆ ಪ್ರಶ್ನೆ ಕೇಳಿದರು. ಈ ವಾರ ಏನು ಮುಗಿಯಬೇಕು? ಈಗ ಹೊತ್ತು ಎಲ್ಲಿ ಹೋಗುತ್ತಿದೆ? ಬೇರೆ ದಾರಿ ಏನಿದೆ? ಯಾವಾಗ ಮಾಡುತ್ತೀರಿ? ಬ್ರಿಟನ್ನಿನ ಕೋಚ್ ಜಾನ್ ವಿಟ್ಮೋರ್ ಜನಪ್ರಿಯ ಮಾಡಿದ 'ಗ್ರೋ' ಎಂಬ ಕೋಚಿಂಗ್ ವಿಧಾನದ ನಾಲ್ಕು ಹೆಜ್ಜೆ ಇವೇ.

ಉತ್ತರ ಹುಡುಕಿದ್ದು ಅತ್ತಿಗೆಯೇ. ಅಳತೆ ಕೊಡುವವರು ಸಂಜೆ ಮಾತ್ರ ಬರಬೇಕು, ಮಧ್ಯಾಹ್ನ ಬರೀ ಹೊಲಿಗೆ. ಪುಕ್ಕಟೆ ಉಪದೇಶಕ್ಕೆ ನಮ್ಮಲ್ಲಿ ಬರವಿಲ್ಲ, ಕೂತು ಕೇಳಿಸಿಕೊಳ್ಳುವವರೇ ಕಡಿಮೆ ಅಲ್ವಾ? ಆದರೂ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಬಂದ ದಿನ ಯಾವ ಕೋಚಿಂಗೂ ನಡೆಯುವುದಿಲ್ಲ. ಅವತ್ತು ಎಲ್ಲರೂ ಅಡಿಕೆ ಸುಲಿಯಲು ಕೂರಲೇಬೇಕು.