ಫುಡ್ಡೂ ಫಾಡರೂ
ಇಂಗ್ಲಿಷ್ ಹೋಂವರ್ಕಿನಲ್ಲಿ 'ಫುಡ್'ಗೆ ಸಮಾನ ಪದ ಕೇಳಿದ್ದಕ್ಕೆ ಮಗಳು 'ಫಾಡರ್' ಅಂತ ಬರೆದಿದ್ದಾಳೆ. ಅದು ದನದ ಮೇವು ಕಣೇ ಅಂದೆ. ಹಾಗೇ ಸುಮ್ನೆ ನೋಡಿದರೆ, ಎರಡೂ ಒಂದೇ ಬೇರಿನಿಂದ ಬಂದ ಪದಗಳು! ಪೂರ್ತಿ ತಪ್ಪು ಅನ್ನೋಕೂ ಆಗಲ್ಲ, ಅಲ್ವಾ?

'ಫುಡ್'ಗೆ ಇಂಗ್ಲಿಷಿನಲ್ಲಿ ಇನ್ನೂ ಪದಗಳಿವೆ. 'ಗ್ರಬ್' ಗೆಳೆಯರ ಜೊತೆ ಸರಿ, ಮದುವೆ ಕಾರ್ಡಿನಲ್ಲಿ ಹಾಕೋ ಹಾಗಿಲ್ಲ. 'ವಿಕ್ಚುವಲ್ಸ್' ಅಂತ ಬರೆದು 'ವಿಟಲ್ಸ್' ಅಂತ ಓದಬೇಕು, ಅದೇನು ಕರ್ಮವೋ. ನನಗೆ ಜಾಸ್ತಿ ಇಷ್ಟವಾಗಿದ್ದು 'ಮೀಟ್'. ಹಳೇ ಇಂಗ್ಲಿಷಿನಲ್ಲಿ ತಿನ್ನುವುದೆಲ್ಲ ಮೀಟೇ. ಅದಕ್ಕೇ 'ಸ್ವೀಟ್‌ಮೀಟ್' ಅಂದರೆ ಇವತ್ತಿಗೂ ಮಿಠಾಯಿ, ಮಾಂಸ ಅಲ್ಲ.

ಇಷ್ಟೆಲ್ಲ ವಿವರಿಸುವಾಗ ಅಡುಗೆಮನೆಯಿಂದ ಅಮ್ಮ ಕೂಗಿದರು: "ಮೀಲ್ಸ್ ರೆಡಿ, ತಟ್ಟೆ ಹಾಕ್ರೋ!"