ಗುರಾಣಿಗೇ ಹೆದರುವ ಲೆಕ್ಕ

ಅಣ್ವಸ್ತ್ರದ ಲೋಕದಲ್ಲಿ ಕತ್ತಿಗಿಂತ ಗುರಾಣಿಗೇ ಭಯ ಜಾಸ್ತಿ. ಒಬ್ಬ ಕ್ಷಿಪಣಿ ತಡೆ ವ್ಯವಸ್ಥೆ ಕಟ್ಟಿಕೊಂಡರೆ ಎದುರಿನವನಿಗೆ ಕಾಣುವುದೇ ಬೇರೆ: ಇವನು ಮೊದಲು ಹೊಡೆದು, ಅಳಿದುಳಿದ ನಾಲ್ಕು ಕ್ಷಿಪಣಿ ತಿರುಗಿ ಬಂದರೆ ತಡೆದುಕೊಳ್ಳಲು ತಯಾರಾಗುತ್ತಿದ್ದಾನೆ! ಅದಕ್ಕೇ 1972ರ ಎಬಿಎಂ (ಕ್ಷಿಪಣಿ ನಿರೋಧಕ) ಒಪ್ಪಂದದಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ ತಮ್ಮ ರಕ್ಷಣೆಗೇ ಮಿತಿ ಹಾಕಿಕೊಂಡವು. ತಲಾ ಎರಡು ನೆಲೆ, ನೆಲೆಗೆ 100 ತಡೆ ಕ್ಷಿಪಣಿ. 1974ರಲ್ಲಿ ಒಂದೇ ನೆಲೆ. ಸೋವಿಯತ್ ಮಾಸ್ಕೋವನ್ನು ಕಾಯ್ದುಕೊಂಡಿತು. ಅಮೆರಿಕ ಕಾಯಲು ಹೊರಟಿದ್ದು ವಾಷಿಂಗ್ಟನ್ ನಗರವನ್ನಲ್ಲ, ನಾರ್ತ್ ಡಕೋಟಾದ ತನ್ನ ಅಣ್ವಸ್ತ್ರ ಕ್ಷಿಪಣಿಗಳನ್ನು. ಜನರನ್ನು ಬಯಲಲ್ಲಿ ಬಿಟ್ಟು ಬಾಂಬಿಗೆ ಕೊಡೆ ಹಿಡಿದಂತೆ, ಆದರೂ ತರ್ಕ ಸರಿ: ತಿರುಗೇಟು ಉಳಿದರೆ ಮೊದಲ ಏಟಿಗೆ ಯಾರೂ ಕೈಹಾಕರು. ಲೆಕ್ಕ ಕೆಡುವುದು ಸಿಡಿತಲೆಗಳಲ್ಲಿ, ಅಂದರೆ ಕ್ಷಿಪಣಿಯ ತುದಿಯಲ್ಲಿ ಕೂರುವ ಬಾಂಬುಗಳಲ್ಲಿ. ಕ್ಷಿಪಣಿಯೊಂದಕ್ಕೆ ಹತ್ತು ಸಿಡಿತಲೆ ಕೂರಿಸಿದರೆ, ತಡೆ ಕ್ಷಿಪಣಿ ಒಂದೂ ಗುರಿ ತಪ್ಪದಿದ್ದರೂ, ಎದುರಿನವನ ಹತ್ತೇ ಕ್ಷಿಪಣಿಗೆ ಆ ನೂರೂ ಖಾಲಿ.